ಬೆನ್ನಿಲ್ಲದ ಕ್ಯಾಮರಾ

ಮೂರ್ತಿಯನ್ನು ಮೊದಲ ಸಲ ಬಸ್ಸಿನಲ್ಲಿ ನೋಡಿದಾಗ ಬ್ಯಾಂಕಿನವನಿರಬೇಕು ಅಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಶರಟು, ಜೇಬಿಗೆ ಎರಡು ಪೆನ್ನು, ಬೂಟಿಗೆ ಧೂಳು ತಾಗೀತೆಂದು ಕಾಲನ್ನು ಒಳಕ್ಕೆ ಎಳೆದುಕೊಂಡು ಕೂರುವ ಠೀವಿ. ಕೊಳ್ಳೇಗಾಲದಿಂದ ಹತ್ತುವ ನನಗೆ ಸೀಟು ಸಿಕ್ಕಿರುತ್ತಿತ್ತು. ಕಾಮಗೆರೆಯಲ್ಲಿ ಹತ್ತುವ ಅವನು ನಿಂತಾದರೂ ನಿಂತಾನು, ಕೊಳಕು ಸೀಟಿನಲ್ಲಿ ಮಾತ್ರ ಕೂರುವವನಲ್ಲ. ಕೇಳಿದರೆ ಬ್ಯಾಂಕೂ ಅಲ್ಲ, ಆಫೀಸೂ ಅಲ್ಲ. ಹನೂರು ರಸ್ತೆಯಿಂದ ಒಳಗೆ ಹೋದರೆ ಸಿಗುವ ಕರಿಬೋರೆಯ ಕಲ್ಲು ಕ್ವಾರಿಯಲ್ಲಿ ರೈಟರ್. ಎಷ್ಟು ಕಲ್ಲು ಎದ್ದಿತು, ಯಾವ ಲಾರಿಗೆ ಏರಿತು, ಇವತ್ತು ಯಾರು ಕೆಲಸಕ್ಕೆ ಬಂದರು ಅಂತ ಬರೆದುಕೊಳ್ಳುವ ಕೆಲಸ.

ನಾನು ಸರಸ್ವತಮ್ಮ. ಮಗ್ಗದ ಮನೆಯವಳು, ಅದೇ ರಸ್ತೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರ್ತಿಯ ಠೀವಿ ನೋಡಿ ಎಷ್ಟೋ ಸಲ ರೇಗಿಸಿದ್ದೇನೆ. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಒಳ್ಳೆಯ ಹುಡುಗ. ಅವನ ಕಥೆ ಹೇಳುವಾಗ ಈ ಮಾತು ಮರೆಯಬಾರದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ, ಯಾಕೆಂದರೆ ಮರೆತುಬಿಡುವುದು ಬಹಳ ಸುಲಭ.

ಅಪ್ಪ ಪುಟ್ಟಸಿದ್ದಯ್ಯ ಮೂರ್ತಿ ಚಿಕ್ಕವನಿದ್ದಾಗಲೇ ತೀರಿಕೊಂಡ. ತಾಯಿ ಚಿಕ್ಕನಿಂಗಮ್ಮ ಕರಿಬೋರೆಯಲ್ಲೇ ಕೂಲಿ. ಕಲ್ಲು ಕೊರೆದಾಗ ಉದುರುವ ಚಕ್ಕೆಗಳನ್ನು ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಹೊತ್ತು, ದಿಬ್ಬದಾಚೆ ಸುರಿದು ಬರುವುದು ಅವಳ ಕೆಲಸ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರಟು, ತಲೆಗೆ ಸಿಂಬಿ, ಬರಿಗಾಲು. ಆ ಚಕ್ಕೆ ಹೊತ್ತೇ ಮಗನನ್ನು ಕೊಳ್ಳೇಗಾಲದ ಕಾಲೇಜಿನಲ್ಲಿ ಬಿ.ಕಾಂ. ಓದಿಸಿದಳು. ಮಗ ಅದೇ ಕ್ವಾರಿಗೆ ರೈಟರಾಗಿ ಬಂದ ದಿನ ಹೆಣ್ಣಾಳುಗಳಿಗೆಲ್ಲ ಬೂಂದಿ ಹಂಚಿದಳಂತೆ. ಆಮೇಲಿಂದ ಬೆಳಿಗ್ಗೆ ಹಾಜರಿ ಕರೆಯುವಾಗ ಮಗ ‘ಚಿಕ್ಕನಿಂಗಮ್ಮ’ ಅನ್ನುವುದು, ತಾಯಿ ಕೈ ಎತ್ತುವುದು. ಮನೆಗೆ ಬಂದ ಮೇಲೆ ಅವ್ವ. ಇದನ್ನು ಯಾರೂ ವಿಶೇಷವಾಗಿ ಗಮನಿಸಿರಲಿಲ್ಲ. ಹೊಟ್ಟೆಪಾಡಿನ ಜಾಗದಲ್ಲಿ ಇಂಥದ್ದೆಲ್ಲ ಇದ್ದದ್ದೇ.

ಇನ್ನು ನಮ್ಮ ಶಾಲೆಯ ಸಂಗತಿ. ತರಗತಿಯ ಕಿಟಕಿಯಿಂದ ನೋಡಿದರೆ ಕರಿಬೋರೆ ಕಾಣುತ್ತದೆ. ಅಲ್ಲಿ ಸಿಡಿಮದ್ದು ಹೊಡೆದರೆ ಇಲ್ಲಿ ನನ್ನ ಮೇಜಿನ ಮೇಲಿನ ಗಾಜಿನ ಸಾಮಾನುಗಳು ಅಲುಗಾಡುತ್ತವೆ. ಮಕ್ಕಳ ಅಪ್ಪಂದಿರಲ್ಲಿ ಅರ್ಧ ಜನ ಅಲ್ಲಿ ದುಡಿದವರೇ. ಆದರೂ ಒಂದು ಮಗುವೂ ಕ್ವಾರಿಯ ಒಳಗೆ ಹೋಗಿಲ್ಲ. ಶಿಲೆಗಳ ಪಾಠ ಬಂದಾಗ ಒಮ್ಮೆ ಕರೆದುಕೊಂಡು ಹೋಗುತ್ತೇನೆಂದು ಮಾಲೀಕರಿಗೆ ಹೇಳಿಕಳಿಸಿದ್ದೆ. ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಅಂತ ಗೇಟಿನಲ್ಲೇ ಉತ್ತರ ಬಂತು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಆದರೆ ಕಣ್ಣೆದುರಿನ ಕಲ್ಲನ್ನು ಪುಸ್ತಕದ ಮಸುಕು ಫೋಟೋದಲ್ಲಿ ತೋರಿಸುವಾಗ ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ಮೈಸೂರಿನ ಒಂದು ಸಂಸ್ಥೆಯವರು ಬಂದರು. ಗಣಿ, ಕ್ವಾರಿಗಳನ್ನು ಸುತ್ತಲೂ ಕಾಣುವ ಹಾಗೆ ಚಿತ್ರೀಕರಿಸಿ ಶಾಲೆಗಳಿಗೆ ಕೊಡುತ್ತಾರಂತೆ. ಕಣ್ಣಿಗೆ ಒಂದು ಡಬ್ಬಿ ಕಟ್ಟಿಕೊಂಡರೆ ಕ್ವಾರಿಯ ನಡುವೆ ನಿಂತ ಹಾಗೆಯೇ ಇರುತ್ತದಂತೆ. ತಲೆ ಎತ್ತಿದರೆ ಆಕಾಶ, ಬಗ್ಗಿದರೆ ನೆಲ, ತಿರುಗಿದರೆ ಹಿಂದಿನದು. ಕರಿಬೋರೆಯ ಮಾಲೀಕರಿಗೆ ಅದು ಹಿಡಿಸಿತು. ಮಕ್ಕಳು ಒಳಗೆ ಬರುವುದಿಲ್ಲ, ಹೆಸರು ಮಾತ್ರ ಬರುತ್ತದೆ. ಒಳ್ಳೆಯ ಕನ್ನಡದಲ್ಲಿ ವಿವರಿಸುವವರು ಒಬ್ಬರು ಬೇಕೆಂದಾಗ ಎಲ್ಲರೂ ತೋರಿಸಿದ್ದು ಮೂರ್ತಿಯನ್ನೇ. ಅವನು ಹೊಸ ಶರಟು ಹೊಲಿಸಿದ. ಶಿಲಾರಸದ ವಿಷಯವನ್ನು ನನ್ನ ಹತ್ತಿರವೇ ಬಸ್ಸಿನಲ್ಲಿ ಕೇಳಿ ಬಾಯಿಪಾಠ ಮಾಡಿದ. ‘ನಾವು ಗ್ರಾನೈಟ್ ಎಂದು ಕರೆಯುವ ಈ ಕರಿಕಲ್ಲು ನಿಜವಾಗಿ ಡಾಲರೈಟ್. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಬಿರುಕಿನೊಳಗೆ ನುಗ್ಗಿದ ಶಿಲಾರಸ ಅಲ್ಲೇ ತಣ್ಣಗಾಗಿ ಗಟ್ಟಿಯಾಯಿತು.’ ಕಂಡಕ್ಟರಿಗೂ ಬಾಯಿಗೆ ಬಂದುಬಿಟ್ಟಿತ್ತು.

ಮುಂದಿನದನ್ನು ನಾನು ನೋಡಿಲ್ಲ. ಬಹಳ ದಿನ ಕಳೆದ ಮೇಲೆ ಅವನೇ ಹೇಳಿದ್ದು.

ಚಿತ್ರೀಕರಣದ ದಿನ ಗಂಡಾಳುಗಳಿಗೆಲ್ಲ ಹಳದಿ ಹೆಲ್ಮೆಟ್ಟು, ಬೂಟು ಕೊಟ್ಟರು. ಸಂಜೆ ವಾಪಸ್ ಇಸಿದುಕೊಂಡರು, ಅದು ಬೇರೆ ಮಾತು. ಹೆಣ್ಣಾಳುಗಳಿಗೆ ಸಾಕಾಗುವಷ್ಟು ಹೆಲ್ಮೆಟ್ಟು ಇರಲಿಲ್ಲ, ಹಾಗಾಗಿ ಅವರಿಗೆ ಅವತ್ತು ರಜೆ. ರಜೆ ಅಂತ ಹಿಂದಿನ ದಿನ ಹೇಳಿದವನೂ ಮೂರ್ತಿಯೇ. ಎಲ್ಲರೂ ಕೇಳಿಸಿಕೊಂಡರು, ಚಿಕ್ಕನಿಂಗಮ್ಮನೂ ಕೇಳಿಸಿಕೊಂಡಳು. ಆದರೆ ಮಗ ಕ್ಯಾಮರಾ ಮುಂದೆ ನಿಂತು ಮಾತಾಡುವ ದಿನ ಮನೆಯಲ್ಲಿ ಕೂತಿರಲು ಅವಳಿಂದ ಆಗಲಿಲ್ಲ. ಕ್ವಾರಿಯಲ್ಲಿ ಬರಿಗೈಯಲ್ಲಿ ನಿಂತವರನ್ನು ಮೇಸ್ತ್ರಿ ಬೈಯುತ್ತಾನೆ, ಅದು ಅಲ್ಲಿನ ಕಟ್ಟಳೆ. ಅದಕ್ಕೇ ಅವಳು ಒಂದು ಬಾಂಡ್ಲಿ ಚಕ್ಕೆ ತುಂಬಿಕೊಂಡು, ತಲೆ ಮೇಲಿಟ್ಟುಕೊಂಡು, ಕೆಲಸಕ್ಕೇ ಹೋಗುತ್ತಿರುವವಳ ಹಾಗೆ ಬಂದಳು.

ಕ್ಯಾಮರಾ ಅಂದರೆ ಮೂರು ಕಾಲಿನ ಕೋಲಿನ ತುದಿಗೆ ಒಂದು ಚಿಕ್ಕ ಕರಿ ಡಬ್ಬಿ. ಸಂಸ್ಥೆಯ ಹುಡುಗಿ ಸ್ಪಂದನ ಎಲ್ಲರಿಗೂ ವಿವರಿಸಿದ್ದಳಂತೆ: ಇದಕ್ಕೆ ಎರಡು ಕಡೆಯೂ ಕಣ್ಣಿದೆ, ಸುತ್ತ ಇರುವುದೆಲ್ಲ ಬರುತ್ತದೆ, ಬೇಡದವರು ದೂರ ಹೋಗಿ ಮರೆಯಾಗಬೇಕು. ಅವಳದು ಮೈಸೂರಿನ ಚುರುಕು ಮಾತು. ಅರ್ಥವಾಗಲಿಲ್ಲ ಅನ್ನುವುದು ಮೂರ್ತಿಯ ಜಾಯಮಾನದಲ್ಲೇ ಇಲ್ಲ. ‘ಗೊತ್ತು, ಗೊತ್ತು ಮೇಡಂ’ ಅಂದ. ಫೋನಿನಿಂದಲೇ ಕ್ಯಾಮರಾ ಶುರುಮಾಡಲು ಅವಳು ಕೊಯ್ದಿಟ್ಟ ದೊಡ್ಡ ಕಲ್ಲಿನ ಬ್ಲಾಕೊಂದರ ಮರೆಗೆ ಹೋದಳು. ಮೂರ್ತಿ ಕಾಲರಿಗೆ ಸಿಕ್ಕಿಸಿದ್ದ ಮೈಕು ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ, ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿ ತಾಯಿ ನಿಂತಿದ್ದಾಳೆ. ತಲೆ ಮೇಲೆ ಬಾಂಡ್ಲಿ, ಬೂದಿ ಬಣ್ಣಕ್ಕೆ ತಿರುಗಿದ ಬರಿಗಾಲು, ಬಾಯಿ ತುಂಬ ನಗು.

‘ಏಯ್ ಮುದ್ಕಿ, ಓಗು ಅತ್ಲಾಗೆ! ಕ್ಯಾಮರಾ ಇಂದ್ಕೆ ನಿಂತ್ಕೋ. ಮಕ ತೋರಿಸ್ಬ್ಯಾಡ’ ಅಂದ.

ಅವ್ವಾ ಅನ್ನಲಿಲ್ಲ. ಕಲ್ಲಿನ ಮರೆಯಲ್ಲಿ ಮೈಸೂರಿನವರಿದ್ದರಲ್ಲ.

ಚಿಕ್ಕನಿಂಗಮ್ಮ ತಟ್ಟನೆ ಹೋದಳು. ಕ್ಯಾಮರಾದ ಹಿಂದೆ ನಿಲ್ಲುವುದು ಅವಳಿಗೆ ಹೊಸದೇನಲ್ಲ. ಗಂಡ ಹೋದ ಮೇಲೆ ಯಾರ ಮದುವೆ ಮನೆಯಲ್ಲೂ ಅವಳ ಜಾಗ ವಿಡಿಯೋದವನ ಬೆನ್ನ ಹಿಂದೆಯೇ. ಅಲ್ಲಿ ನಿಂತರೆ ಯಾವ ಚಿತ್ರದಲ್ಲೂ ಬರುವುದಿಲ್ಲ ಅಂತ ಅವಳಿಗೂ ಗೊತ್ತು, ಮಗನಿಗೂ ಗೊತ್ತು, ನಮ್ಮ ಕಡೆ ಎಲ್ಲರಿಗೂ ಗೊತ್ತು. ಈ ಕ್ಯಾಮರಾಕ್ಕೆ ಬೆನ್ನೇ ಇಲ್ಲ ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಹೋಗಿ ಬಂಡೆಗೆ ಮುಖಮಾಡಿ ನಿಂತಳು. ಮೂರ್ತಿ ನಗುತ್ತಾ ಪಾಠ ಶುರುಮಾಡಿದ.

ಆ ಚಿತ್ರ ನಮ್ಮ ಶಾಲೆಗೆ ಬಂದ ದಿನ ಮೂರ್ತಿಯೇ ಮುಖ್ಯ ಅತಿಥಿ. ನಾನೇ ಕರೆದಿದ್ದೆ. ಮಕ್ಕಳು ಸರದಿಯ ಮೇಲೆ ಡಬ್ಬಿ ಕಟ್ಟಿಕೊಂಡು ಕೂತಲ್ಲೇ ಕೂಗಾಡಿದರು. ಕಲ್ಲನ್ನು ತಂತಿಯಲ್ಲಿ ಕೊಯ್ಯುವುದು, ಕೊಯ್ದ ಮುಖ ನೀರು ಬಿದ್ದೊಡನೆ ಕಪ್ಪಗೆ ಹೊಳೆಯುವುದು, ಕರಿಕಲ್ಲಿನ ಗೋಡೆ ಬೇರೆ ಬಣ್ಣದ ಬಂಡೆಯನ್ನು ಸೀಳಿಕೊಂಡು ಮೇಲೆದ್ದಿರುವುದು, ಎಲ್ಲವೂ ಕಾಣುತ್ತಿತ್ತು. ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ಗೀಚಿದರೂ ಹತ್ತದ್ದು ಅವತ್ತು ಒಂದೇ ಏಟಿಗೆ ತಲೆಗೆ ಹತ್ತಿತು. ನನಗೆ ಕಣ್ಣು ತುಂಬಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೂರ್ತಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಮಕ್ಕಳು ಮಕ್ಕಳೇ. ಎದುರಿಗೆ ಮಾತಾಡುವವನನ್ನು ಬಿಟ್ಟು ಹಿಂದೆ ತಿರುಗಿ ತಿರುಗಿ ನೋಡತೊಡಗಿದರು.

‘ಸಾ, ಅಜ್ಜಿ ಒಬ್ರು ಅವ್ರೆ ಇಲ್ಲಿ.’

‘ಊ ಕಣ್ಲಾ, ಬಂಡೆ ಕಡೀಕೆ ಮಕ ಮಾಡ್ಕಂಡವ್ರೆ.’

‘ಸಾ, ಅವ್ರ್ನ ಯಾಕೆ ಮೂಲೇಲಿ ನಿಲ್ಸೀರಾ? ಬಾಂಡ್ಲೀನೂ ಇಳ್ಸಿಲ್ಲ. ನೋವಾಗಕಿಲ್ವಾ?’

ಮೂರ್ತಿಯ ಕಾಲು ಕೆಳಗಿಳಿಯಿತು. ಒಂದು ಡಬ್ಬಿ ಇಸಿದುಕೊಂಡು ಕಣ್ಣಿಗೆ ಕಟ್ಟಿಕೊಂಡ. ಹಿಂದಕ್ಕೆ ತಿರುಗಿ, ಬಹಳ ಹೊತ್ತು ಹಾಗೇ ನಿಂತ. ಕ್ಯಾಮರಾದ ಹಿಂದೆ ಅಂದರೆ ಮಾತಾಡುವವನ ಕಣ್ಣೆದುರಿಗೇ. ಪಾಠ ಮುಗಿಯುವವರೆಗೂ ತಾಯಿ ಅವನ ಎದುರಿಗೇ ಕಲ್ಲು ಹೊತ್ತು ನಿಂತಿದ್ದಳು. ಕುತ್ತಿಗೆ ಅದುರುತ್ತಿತ್ತು. ಬಗ್ಗಿ ಇಳಿಸಿದರೆ ಸದ್ದಾದೀತು, ಮುಖ ಕಂಡೀತು ಅಂತ ಇಳಿಸಿರಲಿಲ್ಲ. ಇವನು ಶಿಲಾರಸದ ಗುಂಗಿನಲ್ಲಿ ನೋಡಿಯೇ ಇರಲಿಲ್ಲ.

‘ಯಾರು ಮೂರ್ತಿ ಅದು?’ ಅಂತ ನಾನು ಸುಮ್ಮನೆ ಕೇಳಿದೆ.

ಡಬ್ಬಿ ತೆಗೆದ. ಮುಖ ಬೆವರಿತ್ತು. ‘ಗೊತ್ತಿಲ್ಲ ಮಿಸ್. ಯಾರೋ ಕೂಲಿ ಹೆಂಗಸು’ ಅಂದ. ತುರ್ತು ಕೆಲಸ ಇದೆಯೆಂದು ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಅವನು ಹೋದ ಮೇಲೆ ಬಿಸಿಯೂಟದ ದೊಡ್ಡಮಾದಮ್ಮ, ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ತಾನೂ ಒಂದು ಸಲ ನೋಡುತ್ತೇನೆ ಅಂದಳು. ಅಡುಗೆ ಕೆಲಸಕ್ಕೆ ಬರುವ ಮೊದಲು ಅವಳೂ ಕರಿಬೋರೆಯಲ್ಲಿ ದುಡಿದವಳು. ಕಟ್ಟಿಕೊಂಡವಳೇ ಕಿರುಚಿದಳು.

‘ಅಯ್ಯೋ, ನಮ್ಮ ನಿಂಗಿ!’

‘ಮುಖವೇ ಕಾಣಲ್ಲ, ಹೇಗೆ ಗೊತ್ತಾಯ್ತು ನಿನಗೆ?’ ಅಂದೆ.

‘ಬೆನ್ನು ಕಂಡ್ರೆ ಸಾಲ್ದಾ ಟೀಚರಮ್ಮ? ಜೊತೇಲಿ ಕಲ್ಲು ಒತ್ತೀವಿ. ಇವ್ಳೇ ಕಣವ್ವ ಮೂರ್ತಿ ಅವ್ವ.’

ನನಗೆ ಸಿಟ್ಟು ಬಂತು. ಮಾರನೆಯ ದಿನ ಬಸ್ಸಿನಲ್ಲಿ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಎಲ್ಲರಿಗೂ ಕೇಳಿಸುವ ಹಾಗಲ್ಲದಿದ್ದರೂ, ಚೆನ್ನಾಗಿಯೇ ಉಗಿದೆ. ಹೆತ್ತ ತಾಯಿಯನ್ನು ಯಾರೋ ಹೆಂಗಸು ಅಂದೆಯಲ್ಲ, ನಾಚಿಕೆಯಾಗಲಿಲ್ವಾ ಅಂದೆ. ಅವನು ಕಿಟಕಿಯ ಕಡೆ ನೋಡುತ್ತಾ ನಡೆದದ್ದನ್ನೆಲ್ಲ ಹೇಳಿದ. ಮುದ್ಕಿ ಅಂದದ್ದನ್ನೂ ಬಿಡಲಿಲ್ಲ.

‘ಅವತ್ತು ಅವಳ್ನ ಕಂಡು ನಾಚ್ಕೆ ಆಯ್ತು ಮಿಸ್. ಈಗ ನನ್ನ ಕಂಡೇ ಆಯ್ತದೆ. ಊಟ ಇಕ್ಕಕ್ಕೆ ಬಗ್ಗುದ್ರೆ ಅವಳ ಕುತ್ಗೆ ಕಾಣ್ತದೆ. ಅನ್ನ ಇಳೀನಿಲ್ಲ’ ಅಂದ.

‘ಹಾಗಾದ್ರೆ ಮಕ್ಕಳ ಮುಂದೆ ಬಂದು ನಿಜ ಹೇಳು. ಅಲ್ಲಿಗೆ ಮುಗೀತು.’

‘ಸರಿಮಾಡ್ತೀನಿ ಮಿಸ್’ ಅಂದ. ನಿಜ ಹೇಳುತ್ತಾನೆ ಅಂದುಕೊಂಡೆ. ಇಷ್ಟು ವರ್ಷ ಮಕ್ಕಳ ನೆಪಗಳನ್ನು ಕೇಳಿದವಳಿಗೆ ಅಷ್ಟೂ ತಿಳಿಯಬಾರದೇ?

ಅತ್ತ ದೊಡ್ಡಮಾದಮ್ಮ ಬೀದಿಗೆಲ್ಲ ಸುದ್ದಿ ಹಬ್ಬಿಸಿದ್ದಳು. ಚಿಕ್ಕನಿಂಗಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲವಂತೆ. ತಾನೂ ಚಿತ್ರದಲ್ಲಿದ್ದೇನೆ! ಮಗನ ಜೊತೆ, ಊರೂರ ಶಾಲೆಯಲ್ಲಿ, ಯಳಂದೂರಿನ ಮಕ್ಕಳೂ ನೋಡುತ್ತಾರೆ! ಜೀವಮಾನದಲ್ಲಿ ಅವಳದೊಂದು ಫೋಟೋ ಅಂತ ಇದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ. ದಿನಾ ಮಗನ ಬೆನ್ನು ಬಿದ್ದಳು. ‘ನಂಗೂ ಒಂದ್ ದಪ ತೋರ್ಸ್ಲಾ ಮಗ’ ಅನ್ನುವಳು. ಮೂರ್ತಿ ಡಬ್ಬಿ ಕೆಟ್ಟಿದೆ ಅಂದ, ಅದು ಮಕ್ಕಳಿಗೆ ಮಾತ್ರ ಅಂದ, ಕಣ್ಣಿಗೆ ಒಳ್ಳೆಯದಲ್ಲ ಅಂದ. ಅವಳು ಆ ತಲೆಯನ್ನು, ಆ ಬಾಂಡ್ಲಿಯನ್ನು ನೋಡಿದರೆ ತಾನು ಏನು ಮಾಡಿದೆನೆಂದು ಅವಳಿಗೆ ಗೊತ್ತಾಗಿಬಿಡುತ್ತದೆ ಅನ್ನುವ ಭಯ ಅವನಿಗೆ. ಅವಳಿಗೆ ಅವತ್ತೇ ಗೊತ್ತಿತ್ತಲ್ಲ, ಅವಳ ಮುಖಕ್ಕೇ ತಾನೇ ಹೇಳಿದ್ದು? ಆದರೆ ಭಯಕ್ಕೆ ಲೆಕ್ಕಾಚಾರ ಇರುವುದಿಲ್ಲ.

ಕೊನೆಗೆ ಸ್ಪಂದನಳಿಗೆ ಫೋನು ಮಾಡಿದ. ಚಿತ್ರದಲ್ಲಿ ಹಿಂದೆ ಒಬ್ಬ ಹೆಂಗಸು ಬಂದಿದ್ದಾಳೆ, ಅವಳ ಮನೆಯವರು ಆಕ್ಷೇಪ ಮಾಡುತ್ತಿದ್ದಾರೆ ಅಂದ. ಒಂದು ಲೆಕ್ಕದಲ್ಲಿ ನಿಜವೇ. ಮನೆಯವರು ಅಂದರೆ ಅವನೊಬ್ಬನೇ ತಾನೇ! ಪಾಪ, ಆ ಹುಡುಗಿ ಗಾಬರಿಯಾಗಿ, ಕೇಳದೆ ತೋರಿಸಿದ್ದು ತಮ್ಮದೇ ತಪ್ಪು ಅಂತ ಕ್ಷಮೆ ಕೇಳಿದಳಂತೆ. ಅಳಿಸಿದರೆ ಬಂಡೆ ಕಲೆಕಲೆಯಾಗಿ ಕಾಣುತ್ತದೆ, ಆ ಜಾಗಕ್ಕೆ ಒಂದು ಬೋರ್ಡು ಕೂರಿಸುತ್ತೇವೆ ಅಂದಳು. ಸರಿ ಅಂದ. ‘ಸರಿಪಡಿಸಿದ ಚಿತ್ರ’ ಅಂತ ನನ್ನ ಫೋನಿಗೂ ಬಂತು. ನಾನು ಶಾಲೆಯ ಡಬ್ಬಿಗಳಿಗೆ ಹಾಕಿದೆ. ಏನು ಸರಿಪಡಿಸಿದ್ದಾರೆ ಅಂತ ನೋಡಲಿಲ್ಲ, ಪರೀಕ್ಷೆಯ ಪೇಪರು ತಿದ್ದುವುದಿತ್ತು.

ಶಾಲೆಯಲ್ಲಿ ವಿಜ್ಞಾನ ಹಬ್ಬ ಬಂತು. ತಾಯಿ ತಂದೆಯರನ್ನೆಲ್ಲ ಕರೆದಿದ್ದೆವು. ಡಬ್ಬಿಗಳನ್ನು ಒಂದು ಕೋಣೆಯಲ್ಲಿ ಇಟ್ಟಿದ್ದೆ. ದೊಡ್ಡಮಾದಮ್ಮನ ಕೈ ಹಿಡಿದುಕೊಂಡು ಚಿಕ್ಕನಿಂಗಮ್ಮ ಬಂದಳು. ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಕಾಲಿಗೆ ಹೊಸ ಚಪ್ಪಲಿ. ಬಾಗಿಲಲ್ಲೇ ಚಪ್ಪಲಿ ಬಿಡಲು ಹೋದವಳನ್ನು ಬೇಡ ಅಂತ ನಾನೇ ತಡೆದೆ. ಅವಳನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಹಿಂದೆಯೇ ಮೂರ್ತಿ ಬಂದ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ನಿರಾಳ ಕಂಡಿತು. ಇವತ್ತು ಹೇಳುತ್ತಾನೆ ಅಂತ ನನಗೆ ಸಂತೋಷವೇ ಆಯಿತು. ಅವನ ಲೆಕ್ಕ ಬೇರೆ ಇತ್ತು: ಅವ್ವ ಮಗನನ್ನು ನೋಡುತ್ತಾಳೆ, ಖುಷಿಪಡುತ್ತಾಳೆ, ಮನೆಗೆ ಹೋಗುತ್ತಾಳೆ.

ಡಬ್ಬಿಯನ್ನು ನಾನೇ ಕಟ್ಟಿದೆ. ಮುಡಿಯ ಮೇಲೆ ಪಟ್ಟಿ ಬಿಗಿಯುವಾಗ ಅವಳ ನೆತ್ತಿ ಕೈಗೆ ತಾಗಿತು. ಸಿಂಬಿ ಇಡುವ ಜಾಗದಲ್ಲಿ ಕೂದಲೇ ಇರಲಿಲ್ಲ.

‘ಅಯ್ ಸಿವನೆ! ಕರಿಬೋರೆ!’ ಅಂದಳು. ಮಕ್ಕಳು ನಕ್ಕರು. ‘ಮಗ ಅವ್ನೆ! ನೋಡ್ರವ್ವ, ಎಂಗೆ ಮಾತಾಡ್ತಾವ್ನೆ!’ ಗಾಳಿಯಲ್ಲಿ ಕೈ ಚಾಚಿ ಅವನ ಕೆನ್ನೆ ಮುಟ್ಟಲು ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರ್ತಿಯೂ ನಕ್ಕ.

ಆಮೇಲೆ ಅವಳು ಹಿಂದಕ್ಕೆ ತಿರುಗಿದಳು.

ತಿರುಗಿ ನಿಂತಳು. ಮತ್ತೆ ಈ ಕಡೆ ತಿರುಗಿದಳು. ಮತ್ತೆ ಆ ಕಡೆ. ಹೊಸ ಚಪ್ಪಲಿ ನೆಲಕ್ಕೆ ಉಜ್ಜಿ ಕಿರುಗುಟ್ಟಿತು.

‘ಮಾದಿ, ನಾನೆಲ್ಲಿದ್ದೀನಮ್ಮಿ?’

‘ಇಂದ್ಕೆ ತಿರುಗಮ್ಮಿ. ಬಂಡೆ ತಾವ’ ಅಂದಳು ದೊಡ್ಡಮಾದಮ್ಮ.

‘ಬಂಡೆ ಅದೆ. ನಾನಿಲ್ಲ.’

‘ಸರ್ಯಾಗಿ ನೋಡು.’

‘ನೋಡ್ತಾವ್ನಿ ಕಣಮ್ಮಿ. ಇಲ್ಲೀಯೆ ನಿಂತಿದ್ದೆ. ಇಲ್ಲೊಂದು ಬೋರ್ಡ್ ನೆಟ್ಟವ್ರೆ. ಅವತ್ತು ಇದು ಇರ್ನಿಲ್ಲ.’

ಅವಳ ಕೈ ಮೇಲೆದ್ದು ಇಲ್ಲದ ಬೋರ್ಡಿನ ಅಂಚನ್ನು ಹುಡುಕಿತು. ಅದರ ಹಿಂದೆ ಇಣುಕಿ ನೋಡಲು ಕತ್ತನ್ನು ಎಡಕ್ಕೆ ಬಗ್ಗಿಸಿದಳು, ಬಲಕ್ಕೆ ಬಗ್ಗಿಸಿದಳು. ನನಗೆ ಆಗ ಅರ್ಥವಾಯಿತು. ಮೂರ್ತಿಯ ಕಡೆ ನೋಡಿದೆ. ಗೋಡೆಗೆ ಒರಗಿ ನಿಂತಿದ್ದ.

‘ಅವ್ವಾ’ ಅಂದ.

ಶಾಲೆಯ ಜನರ ಎದುರಿಗೆ, ಮಕ್ಕಳ ಎದುರಿಗೆ ಅಂದ. ಯಾರೋ ‘ಸಾರ್‌ ಅವ್ವನಾ?’ ಅಂತ ಪಿಸುಗುಟ್ಟಿದರು.

‘ಅವ್ವಾ, ಉಡುಕ್ಬ್ಯಾಡ. ನೀ ಇದ್ದೆ ಅದ್ರಲ್ಲಿ. ನಾನೇ ತೆಗುಸ್ದೆ.’

ಚಿಕ್ಕನಿಂಗಮ್ಮ ಮಾತು ಬಂದ ಕಡೆಗೆ ತಿರುಗಿದಳು. ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದು, ಒಡೆದೀತು ಅನ್ನುವ ಹಾಗೆ ಮೆಲ್ಲಗೆ ತೆಗೆದು ನನ್ನ ಕೈಗೆ ಕೊಟ್ಟಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ಮಗನನ್ನು ನೋಡಿದಳು. ಸಿಟ್ಟಿರಲಿಲ್ಲ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ದನಿ ಇಳಿದಿತ್ತು.

‘ಯಾಕ್ಲಾ ಮಗ? ನೀ ಯೋಳ್ದಂಗೇ ನಿಂತಿದ್ನಲ್ಲ. ಮಕ ತೋರಿಸ್ನೇ ಇಲ್ವಲ್ಲ ನಾನು.’